ಪೆಡಲ್ ಸ್ಟೀಲ್ ಗಿಟಾರ್‌ನ ವಿನ್ಯಾಸ ಬದಲಾದರೆ ಟೋನ್, ಸಸ್ಟೇನ್ (ದನಿ ನಿಲ್ಲುವ ಹೊತ್ತು) ನಿಜವಾಗಿ ಬದಲಾಗುತ್ತವೆಯೇ?

ಗಂಗಾವತಿಯಿಂದ ಈ ಪ್ರಶ್ನೆ ಕೇಳಿದವರ ಹತ್ತಿರ ಆರು ತಂತಿಯ ಲ್ಯಾಪ್ ಸ್ಟೀಲ್ (ತೊಡೆಯ ಮೇಲಿಟ್ಟು, ತಂತಿಯ ಮೇಲೆ ಬಾರ್ ಜಾರಿಸಿ ನುಡಿಸುವ ಗಿಟಾರ್) ಇದೆಯಂತೆ. ಹೊಸ ಬಾಡಿ ಮಾಡಿಸಿ, ಪಾದದಿಂದ ಒತ್ತಿ ತಂತಿಯ ಶ್ರುತಿ ಬದಲಿಸುವ ಎರಡು ಪೆಡಲ್ ಕೂಡಿಸುವ ಆಸೆ. ಯಾವ ಮರ ಹಾಕಿದರೆ ದನಿ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ಕೇಳಿದ್ದಾರೆ.

ನಾನು ಬಳ್ಳಾರಿಯಲ್ಲಿ ಲೇತ್ ಕೆಲಸ ಮಾಡುವವನು. ಹತ್ತು ತಂತಿಯ ಹಳೆಯ ಪೆಡಲ್ ಸ್ಟೀಲ್ ಒಂದು ನನ್ನ ಹತ್ತಿರ ಇದೆ. ಅದನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದೇನೆ, ನುಡಿಸುತ್ತಲೂ ಇದ್ದೇನೆ. ನನ್ನ ಮಾತು ಇಷ್ಟೇ: ಮರದ ಯೋಚನೆ ಆಮೇಲೆ ಮಾಡಿ. ಮೊದಲು ತಂತಿಯ ಎರಡು ತುದಿ ನೋಡಿ.

ಬಾವಿ ಹಗ್ಗದ ತುದಿಯನ್ನು ಕಲ್ಲುಕಂಬಕ್ಕೆ ಕಟ್ಟಿ ಜಾಡಿಸಿದರೆ ಅಲೆ ಹೋಗಿ ಹಾಗೇ ತಿರುಗಿ ಬರುತ್ತದೆ. ಎಳೆ ಕೊಂಬೆಗೆ ಕಟ್ಟಿದರೆ ಕೊಂಬೆಯೇ ಅಲುಗಾಡಿ, ಅಲೆ ಅಲ್ಲೇ ಸಾಯುತ್ತದೆ. ತಂತಿಯ ಕಥೆಯೂ ಅದೇ. ತುದಿ ಎಷ್ಟು ಗಟ್ಟಿಯೋ ದನಿ ಅಷ್ಟು ಹೊತ್ತು ನಿಲ್ಲುತ್ತದೆ. ತುದಿ ಸಡಿಲವಾದರೆ ತಂತಿಯ ಶಕ್ತಿ ಅಲ್ಲಿಂದ ಸೋರಿ ಹೋಗುತ್ತದೆ. ಸಾಮಾನ್ಯವಾಗಿ ಮೇಲಿನ ಹೊಳಪಿನ ಸ್ವರಗಳು ಮೊದಲು ಹೋಗುತ್ತವೆ. ಅದಕ್ಕೇ ಸಸ್ಟೇನ್ ಕಡಿಮೆಯಾದಾಗ ಟೋನ್ ಕೂಡ ಮಂಕಾಗುತ್ತದೆ. ಇವೆರಡೂ ಬೇರೆ ಬೇರೆ ಸಮಸ್ಯೆ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಆದರೆ ಬೇರು ಒಂದೇ.

ನಿಮ್ಮ ಲ್ಯಾಪ್ ಸ್ಟೀಲ್‌ನಲ್ಲಿ ಬ್ರಿಡ್ಜ್ (ಬಲಗೈ ಕಡೆ ತಂತಿ ಕೂರುವ ತುದಿ) ಅಲುಗಾಡುವುದಿಲ್ಲ. ಹಾಗಾಗಿ ಅದರಲ್ಲಿ ಸಸ್ಟೇನ್ ಸುಲಭವಾಗಿ ಸಿಗುತ್ತದೆ. ಪೆಡಲ್ ಬಂತು ಅಂದರೆ ಬ್ರಿಡ್ಜೇ ತಿರುಗಬೇಕು. ಪ್ರತಿ ತಂತಿಗೂ ಫಿಂಗರ್ ಅನ್ನುವ ಒಂದು ಅಲ್ಯೂಮಿನಿಯಂ ತುಂಡು. ಎಲ್ಲ ಫಿಂಗರ್‌ಗಳೂ ಒಂದೇ ಶಾಫ್ಟ್ ಮೇಲೆ ಕೂತಿರುತ್ತವೆ. ತಂತಿ ಅದರ ಗುಂಡನೆಯ ತಲೆಯ ಮೇಲೆ ಹಾದು ಹೋಗುತ್ತದೆ. ಪೆಡಲ್ ಒತ್ತಿದರೆ ರಾಡ್ ಎಳೆಯುತ್ತದೆ, ಫಿಂಗರ್ ತಿರುಗುತ್ತದೆ, ಶ್ರುತಿ ಏರುತ್ತದೆ ಅಥವಾ ಇಳಿಯುತ್ತದೆ. ಈ ಇಡೀ ಸಲಕರಣೆಗೆ ಚೇಂಜರ್ ಅಂತಾರೆ. ತಿರುಗಬೇಕಾದ ತುದಿ ತಿರುಗದ ತುದಿಯಷ್ಟೇ ಗಟ್ಟಿ ಇರಬೇಕು. ಅಮೆರಿಕದಲ್ಲಿ ಈ ವಾದ್ಯ ಕಟ್ಟಿದವರೆಲ್ಲ ಗುದ್ದಾಡಿದ್ದು ಇದರ ಜೊತೆಗೇ.

ವಾದ್ಯ ತಯಾರಕ ಪಾಲ್ ಬಿಗ್ಸ್‌ಬಿ 1948ರಲ್ಲಿ ವಾದಕ ಸ್ಪೀಡಿ ವೆಸ್ಟ್ ಅವರಿಗೆ ಪೆಡಲ್ ಇರುವ ಸ್ಟೀಲ್ ಗಿಟಾರ್ ಮಾಡಿಕೊಟ್ಟರು. 1954ರಲ್ಲಿ ಗಾಯಕ ವೆಬ್ ಪಿಯರ್ಸ್ ಅವರ ಹಾಡೊಂದರಲ್ಲಿ ವಾದಕ ಬಡ್ ಐಸಾಕ್ಸ್ ದನಿ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಸ್ವರ ಜಾರಿಸಿದರು. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಶಾಟ್ ಜಾಕ್ಸನ್ ಮತ್ತು ಬಡ್ಡಿ ಎಮನ್ಸ್ 1957ರಲ್ಲಿ ಶೋ-ಬಡ್ ಅನ್ನುವ ಪೆಡಲ್ ಸ್ಟೀಲ್ ಕಂಪನಿ ಶುರು ಮಾಡಿದರು. ಎಮನ್ಸ್ 1963ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. ಅವರ ಪುಶ್-ಪುಲ್ ವಿನ್ಯಾಸ ನನಗೆ ಬಹಳ ಇಷ್ಟ. ಅದರಲ್ಲಿ ಪೆಡಲ್ ಒತ್ತದೆ ಇದ್ದಾಗ ಫಿಂಗರ್ ಬಾಡಿಗೆ ಒತ್ತಿಕೊಂಡು ಗಟ್ಟಿಯಾಗಿ ಕೂತಿರುತ್ತದೆ, ಹೆಚ್ಚುಕಡಿಮೆ ಅಲುಗದ ಬ್ರಿಡ್ಜ್‌ನಂತೆ. ಹಿರಿಯ ವಾದಕರಲ್ಲಿ ಅನೇಕರು ಇವತ್ತಿಗೂ ಆ ದನಿಗೆ ಸಾಟಿಯಿಲ್ಲ ಅನ್ನುತ್ತಾರೆ. ಆದರೆ ಅದರ ಶ್ರುತಿ ಹೊಂದಿಸುವುದು ತಲೆನೋವಿನ ಕೆಲಸ.

ಆಮೇಲೆ ಎಲ್ಲ ಕಡೆ ಹರಡಿದ್ದು ಆಲ್-ಪುಲ್ ವಿನ್ಯಾಸ. ಏರಿಸುವುದಕ್ಕೂ ಇಳಿಸುವುದಕ್ಕೂ ರಾಡ್ ಎಳೆದರೆ ಸಾಕು. ಶ್ರುತಿ ಹೊಂದಿಸುವುದು ಸಲೀಸು. ಆದರೆ ಫಿಂಗರ್ ಒಂದೇ ತುಂಡಲ್ಲ, ರಿವೆಟ್ ಹಾಕಿ ಜೋಡಿಸಿದ ತುಂಡುಗಳು. ಇಳಿಸುವ ಭಾಗವನ್ನು ಅದರ ಜಾಗದಲ್ಲಿ ಹಿಡಿದಿಡುವುದು ಸ್ಪ್ರಿಂಗ್. ರಿವೆಟ್ ಸವೆದರೆ, ಸ್ಪ್ರಿಂಗ್ ಸೋತರೆ, ಶಾಫ್ಟ್‌ನಲ್ಲಿ ಆಟ ಬಂದರೆ ತಂತಿಯ ತುದಿ ಸಡಿಲವಾಯಿತು ಅಂತಲೇ ಅರ್ಥ. ಹಾಗಂತ ಆಲ್-ಪುಲ್ ಕಳಪೆ ಅಲ್ಲ. ಫಿಟ್ಟಿಂಗ್ ಬಿಗಿಯಾಗಿದ್ದರೆ ಅದೂ ಚೆನ್ನಾಗಿಯೇ ಹಾಡುತ್ತದೆ. ಎರಡು ಪೆಡಲ್‌ನಲ್ಲಿ ಬರೀ ಏರಿಸುವ ಕೆಲಸ ಇಟ್ಟುಕೊಂಡರೆ ನಿಮಗೆ ಒಂದೇ ತುಂಡಿನ ಫಿಂಗರ್ ಸಾಕು. ರಿವೆಟ್ಟೇ ಬೇಡ. ನಾನಾದರೆ ಹಾಗೇ ಮಾಡುತ್ತೇನೆ.

ಫಿಂಗರ್‌ನ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡುವುದು ರೂಢಿ ಮಾಡಿಕೊಳ್ಳಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ತಂತಿ ಉಜ್ಜಿ ಉಜ್ಜಿ ಅಲ್ಲಿ ಸಣ್ಣ ಗೆರೆ ಕೊರೆಯುತ್ತದೆ. ಆ ಗೆರೆಯೊಳಗೆ ಕೂತ ತಂತಿ ಒಂಥರಾ ಝೇಂಕಾರ ಮಾಡುತ್ತದೆ. ತಂಬೂರಿಯಲ್ಲಿ ಅಂಥ ಝೇಂಕಾರವನ್ನು (ಜವಾರಿ) ನಾವೇ ಬೇಕಂತ ತರುತ್ತೇವೆ, ಇಲ್ಲಿ ಅದು ಬೇಡದ ಸದ್ದು. ದನಿಯೂ ಬೇಗ ಸಾಯುತ್ತದೆ. ತಂತಿ ಬಿಚ್ಚಿ, ನಯವಾದ ಎಮರಿ ಪೇಪರ್‌ನಿಂದ ಗುಂಡಗೆ ಉಜ್ಜಿ, ಬಫ್ ಮಾಡಿದರೆ ಸರಿಹೋಗುತ್ತದೆ. ಗುಂಡು ಕೆಡಬಾರದು, ಅಷ್ಟೇ ಎಚ್ಚರ.

ಇನ್ನೊಂದು ತುದಿ ನಿಮ್ಮ ಎಡಗೈಯಲ್ಲಿದೆ. ತಂತಿಯ ಮೇಲೆ ಜಾರಿಸುವ ಬಾರ್! ವಿನ್ಯಾಸದ ಚರ್ಚೆಯಲ್ಲಿ ಇದನ್ನು ಯಾಕೋ ಮರೆತುಬಿಡುತ್ತಾರೆ. ಹತ್ತು ತಂತಿಯ ವಾದ್ಯಕ್ಕೆ ಸಾಮಾನ್ಯವಾಗಿ ಬಳಸುವುದು 7/8 ಇಂಚು ದಪ್ಪ, ಸುಮಾರು 3 3/8 ಇಂಚು ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಬಾರ್. ತೂಕ ಹತ್ತಿರ ಹತ್ತಿರ ಕಾಲು ಕಿಲೋ. ಹಗುರ ಬಾರ್ ತಂತಿಯ ಜೊತೆ ತಾನೂ ನಡುಗುತ್ತದೆ, ಶಕ್ತಿ ಕೈಗೆ ಹೋಗುತ್ತದೆ. ಭಾರದ ಬಾರ್ ಕದಲುವುದಿಲ್ಲ. ನಮ್ಮ ಕಡೆ ಸ್ಟೇನ್‌ಲೆಸ್ ರಾಡ್‌ಗೇನೂ ಬರವಿಲ್ಲ ಅಲ್ವಾ? ಲೇತ್‌ನಲ್ಲಿ ತಿರುವಿ, ಒಂದು ತುದಿ ಗುಂಡಗೆ ಮಾಡಿಸಿ, ಕನ್ನಡಿಯ ಹಾಗೆ ಬಫ್ ಮಾಡಿಸಿ. ಲೇತ್‌ನ ಗೆರೆ ಒಂದು ಉಳಿದರೂ ಅದು ತಂತಿಯ ಮೇಲೆ ಕರಕರ ಅನ್ನುತ್ತದೆ. ಖರ್ಚು ಕಡಿಮೆ, ಫಲ ಜಾಸ್ತಿ. ನಿಮ್ಮ ಲ್ಯಾಪ್ ಸ್ಟೀಲ್‌ನಲ್ಲೇ ಇವತ್ತೇ ವ್ಯತ್ಯಾಸ ಕೇಳಬಹುದು.

ಸ್ಕೇಲ್ ಉದ್ದದ (ಬಾರ್ ಇಡದಾಗ ಕಂಪಿಸುವ ತಂತಿಯ ಉದ್ದ) ಬಗ್ಗೆ ಒಂದು ಮಾತು. ಸಾಮಾನ್ಯ ಅಳತೆ 24 ಇಂಚಿನ ಆಸುಪಾಸು. ಅದನ್ನು 25 ಮಾಡಿದರೆ ಅದೇ ತಂತಿಗೆ, ಅದೇ ಶ್ರುತಿಗೆ ಎಳೆತ ಶೇಕಡಾ 8ಕ್ಕಿಂತ ಜಾಸ್ತಿಯಾಗುತ್ತದೆ. ದನಿ ಚುರುಕಾಗುತ್ತದೆ. ಆದರೆ ಹತ್ತು ತಂತಿಗೆ ರೂಢಿಯಲ್ಲಿರುವ ಇ9 ಅನ್ನುವ ಶ್ರುತಿಯಲ್ಲಿ 0.011 ಇಂಚಿನ ಜಿ ಶಾರ್ಪ್ ತಂತಿಯನ್ನು ಪೆಡಲ್‌ನಿಂದ ಎ ತನಕ ಎಳೆಯುತ್ತೇವೆ. ಮೊದಲೇ ಅದು ಚೇಂಜರ್ ಹತ್ತಿರ ತುಂಡಾಗುವುದರಲ್ಲಿ ಹೆಸರುವಾಸಿ. ಎಳೆತ ಏರಿದರೆ ಇನ್ನೂ ಬೇಗ ಹೋಗುತ್ತದೆ. 24ರಲ್ಲೇ ಇರಿ.

ಈಗ ಮರ. ಅಮೆರಿಕದವರು ಹೆಚ್ಚಾಗಿ ಬಳಸುವುದು ಗಟ್ಟಿ ಮೇಪಲ್. ನಮ್ಮಲ್ಲಿ ಚೆನ್ನಾಗಿ ಒಣಗಿದ ತೇಗ, ಹೊನ್ನೆ, ಮತ್ತಿ ಯಾವುದಾದರೂ ಆಗುತ್ತದೆ. ನಿಮ್ಮ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ಹಾಕುವ ಹಗುರ ಮರ ಗೊಂಬೆಗೇ ಚೆಂದ, ಇದಕ್ಕೆ ಬೇಡ. ಹತ್ತು ತಂತಿ ಸೇರಿ ನೂರು ಕಿಲೋಗೂ ಜಾಸ್ತಿ ಎಳೆಯುತ್ತವೆ, ಆರು ತಂತಿಯದೂ ಕಡಿಮೆಯೇನಲ್ಲ. ಅದರ ಮೇಲೆ ಪೆಡಲ್‌ನ ಒತ್ತಡ. ಬಾಡಿ ಕೂದಲೆಳೆಯಷ್ಟು ಬಾಗಿದರೂ ಒತ್ತದ ತಂತಿಯ ಶ್ರುತಿ ಇಳಿಯುತ್ತದೆ. ಇದಕ್ಕೆ ಕ್ಯಾಬಿನೆಟ್ ಡ್ರಾಪ್ ಅನ್ನುತ್ತಾರೆ. ಹಾಗಾಗಿ ಮರದ ಜಾತಿಗಿಂತ ಅದರ ಬಿಗಿತ ಮುಖ್ಯ. ಬಾಡಿಯ ತುದಿಯ ಲೋಹದ ತಟ್ಟೆ (ಎಂಡ್ ಪ್ಲೇಟ್) ಮರಕ್ಕೆ ಸಂದಿಲ್ಲದ ಹಾಗೆ ಕೂಡಬೇಕು, ಸ್ಕ್ರೂ ಸಡಿಲ ಇರಬಾರದು. ಪಾಲಿಶ್ ಇರಲಿ ಮೈಕಾ ಇರಲಿ, ಅದರಿಂದ ದನಿ ಬದಲಾಗುವುದನ್ನು ನಾನು ನಂಬುವುದು ಕಡಿಮೆ. ಸ್ಕ್ರೂ ಬಿಗಿ ಮಾಡಿದರೆ ಬದಲಾಗುವುದನ್ನು ಮಾತ್ರ ಕಿವಿಯಾರೆ ಕೇಳಿದ್ದೇನೆ.

ಇಡೀ ಬಾಡಿಯನ್ನೇ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸುವ ಆಲೋಚನೆ ಬಂದರೆ ಬಿಟ್ಟುಬಿಡಿ. 1930ರ ದಶಕದ ರಿಕನ್‌ಬ್ಯಾಕರ್ ‘ಫ್ರೈಯಿಂಗ್ ಪ್ಯಾನ್’ ಹಾಗಿತ್ತು. ವೇದಿಕೆಯ ದೀಪದ ಬಿಸಿಗೇ ಶ್ರುತಿ ಕೆಡುತ್ತಿತ್ತು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಹೊರಗೆ ಕಾರ್ಯಕ್ರಮ ಕೊಡುವವರ ಗತಿ ಏನು? ಮರದ ಬಾಡಿಯ ಮೇಲೆ ಅಲ್ಯೂಮಿನಿಯಂ ನೆಕ್ ಕೂರಿಸಿದರೆ ಅಷ್ಟು ತೊಂದರೆ ಇಲ್ಲ, ಎಳೆತ ಹೊರುವುದು ಮುಖ್ಯವಾಗಿ ಬಾಡಿ.

ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಅಯಸ್ಕಾಂತದ ಭಾಗ) ಸಸ್ಟೇನ್ ಹುಟ್ಟಿಸುವುದಿಲ್ಲ, ಕೆಡಿಸಬಲ್ಲದು. ತಂತಿಗೆ ತೀರಾ ಹತ್ತಿರ ಇಟ್ಟರೆ ಅಯಸ್ಕಾಂತ ತಂತಿಯನ್ನು ಎಳೆದು ಕುಣಿತ ತಗ್ಗಿಸುತ್ತದೆ. ಸ್ವಲ್ಪ ಕೆಳಗಿಳಿಸಿ. ರೆಕಾರ್ಡಿಂಗ್‌ನಲ್ಲಿ ಕೇಳುವ ಆ ಮುಗಿಯದ ದನಿಯ ದೊಡ್ಡ ಪಾಲು, ದನಿಯ ಜೋರು ಏರಿಳಿಸುವ ಬೇರೆಯೇ ಪೆಡಲ್ ಆದ ವಾಲ್ಯೂಮ್ ಪೆಡಲ್‌ನದು. ಅರ್ಧದಲ್ಲಿ ಮೀಟಿ, ದನಿ ಇಳಿಯುತ್ತಾ ಬಂದ ಹಾಗೆ ಪಾದ ಒತ್ತುತ್ತಾ ಹೋಗುತ್ತಾರೆ. ಅದನ್ನು ಮರದ ಲೆಕ್ಕಕ್ಕೆ ಬರೆಯಬೇಡಿ.

ಯಾವ ತುದಿಯಲ್ಲಿ ತೊಂದರೆ ಇದೆ ಅಂತ ತಿಳಿಯಲು ಒಂದು ದಾರಿ ಇದೆ. ಬಾರ್ ಇಡದೆ ತಂತಿ ಮೀಟಿ ದನಿ ಸಾಯುವ ತನಕ ಕೇಳಿ. ಆಮೇಲೆ ಬಾರ್ ಇಟ್ಟು ಕೇಳಿ. ಬರಿ ತಂತಿಯೇ ಬೇಗ ಸತ್ತರೆ ಬ್ರಿಡ್ಜ್ ಅಥವಾ ನಟ್ (ಎಡಗೈ ಕಡೆ ತಂತಿ ಕೂರುವ ತುದಿ) ಕಡೆ ಹುಡುಕಿ. ನಟ್‌ನಲ್ಲಿ ರೋಲರ್ ಇದ್ದರೆ ಅದು ಸಡಿಲವಾಗಿದೆಯೇ ನೋಡಿ. ಬಾರ್ ಇಟ್ಟಾಗ ಮಾತ್ರ ದನಿ ತೀರಾ ಬೇಗ ಸತ್ತರೆ ಬಾರ್ ಅಥವಾ ಕೈ. ಪೆಡಲ್ ಕೂಡಿಸಿದ ಮೇಲೆ ಒತ್ತಿ ಒಮ್ಮೆ, ಒತ್ತದೆ ಒಮ್ಮೆ ಕೇಳಿ. ಒತ್ತಿದಾಗ ಮಾತ್ರ ಮಂಕಾದರೆ ಫಿಂಗರ್, ರಾಡ್ ಬಿಚ್ಚಿ ನೋಡಬೇಕು.

ಫಿಂಗರ್ ಮಾಡಿಸುವಾಗ ರಂಧ್ರವನ್ನು ಡ್ರಿಲ್‌ನಲ್ಲೇ ಮುಗಿಸಬೇಡಿ, ರೀಮರ್ (ರಂಧ್ರವನ್ನು ನುಣುಪಾಗಿ, ಸರಿಯಾದ ಅಳತೆಗೆ ತರುವ ಉಪಕರಣ) ಹಾಕಿಸಿ. ಶಾಫ್ಟ್ ಕೈಯಿಂದ ಜಾರಿ ಒಳಗೆ ಹೋಗಬೇಕು, ಅಲುಗಾಡಿಸಿದರೆ ಅಲುಗಬಾರದು. ಅಳತೆ ಸಮೇತ ಡ್ರಾಯಿಂಗ್ ಹಾಕಿದರೆ ಯಾವ ಸೈಜಿನ ಶಾಫ್ಟ್ ಆಗುತ್ತದೆ ಅಂತ ನೋಡಿ ಹೇಳುತ್ತೇನೆ.