ಬುದ್ಧಿಹಲ್ಲು ಕಿತ್ತ ಮೂರನೇ ದಿನ ನೋವು ಜಾಸ್ತಿಯಾದರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬುದ್ಧಿಹಲ್ಲಿನ ಬಗ್ಗೆಯೇ ಇದ್ದವು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಕಲಬುರಗಿಯ ಬಾಯಿ ಮತ್ತು ದವಡೆ ಶಸ್ತ್ರವೈದ್ಯರು.

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಬಲಗಡೆ ಕೆಳಗಿನ ಕೊನೆಯ ಹಲ್ಲು ಅರ್ಧ ಮಾತ್ರ ಹೊರಗೆ ಬಂದಿದೆ. ಎರಡು ತಿಂಗಳಿಗೊಮ್ಮೆ ಅದರ ಮೇಲಿನ ವಸಡು ಬಾತುಕೊಂಡು ಬಾಯಿ ತೆರೆಯಲು ಆಗುವುದಿಲ್ಲ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದರೆ ಇಳಿಯುತ್ತದೆ. ಎಕ್ಸ್‌ರೇ ನೋಡಿದ ಡಾಕ್ಟರು ಹಲ್ಲು ಅಡ್ಡ ಬೆಳೆದಿದೆ, ತೆಗೆಯಬೇಕು ಎಂದರು. ಹಲ್ಲು ಕೀಳಿಸಿದರೆ ಕಣ್ಣು ಮಂದ ಆಗ್ತದ, ಬ್ಯಾಡ ಅಂತ ಅವ್ವ ಹಟ ಹಿಡಿದಿದ್ದಾಳೆ. ಒಂದೂವರೆ ತಿಂಗಳಲ್ಲಿ ನನ್ನ ಮದುವೆ. ಏನು ಮಾಡಲಿ?
— ಓದುಗಿ, ಕಲಬುರಗಿ

ಉತ್ತರ: ತೆಗೆಸಿಬಿಡಿ ತಂಗಿ, ಮದುವೆಗೆ ಮುಂಚೆಯೇ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ದಿನ ಗೊತ್ತು ಮಾಡಿಕೊಳ್ಳಿ.

ಹಲ್ಲು ಅರ್ಧ ಹೊರಗೆ, ಅರ್ಧ ಒಳಗೆ ಇದ್ದಾಗ ಅದರ ಮೇಲೆ ವಸಡಿನ ಒಂದು ಪದರ ಉಳಿಯುತ್ತದೆ. ಆ ಪದರದ ಅಡಿಗೆ ಅನ್ನ, ರೊಟ್ಟಿ ಚೂರು ಸೇರಿಕೊಳ್ಳುತ್ತದೆ. ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಕೊಳೆತು ಸೋಂಕಾಗುತ್ತದೆ, ವಸಡು ಬಾಯುತ್ತದೆ. ಬಾತ ವಸಡನ್ನು ಮೇಲಿನ ಹಲ್ಲು ಬೇರೆ ಕಚ್ಚುತ್ತದೆ. ಮಾತ್ರೆ ನುಂಗಿದರೆ ಸೋಂಕು ಇಳಿಯುತ್ತದೆ, ಆದರೆ ಆ ಸಂದು ಹಾಗೆಯೇ ಇರುತ್ತದಲ್ಲ! ಅದಕ್ಕೇ ಎರಡು ತಿಂಗಳಿಗೆ ಮತ್ತೆ ಬರುತ್ತಿದೆ. ಚೀಟಿ ಇಲ್ಲದೆ ಪದೇ ಪದೇ ಆ್ಯಂಟಿಬಯಾಟಿಕ್ ತಿನ್ನುವುದನ್ನು ದಯವಿಟ್ಟು ನಿಲ್ಲಿಸಿ. ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡದೆ ಹೋಗಬಹುದು.

ಅವ್ವನ ಭಯದ ಬಗ್ಗೆ. ಇದನ್ನು ನಮ್ಮ ಕಡೆ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕಿತ್ತರೆ ಕಣ್ಣಿಗೆ ಏನೂ ಆಗುವುದಿಲ್ಲ, ಮೇಲಿನದಾದರೂ ಅಷ್ಟೇ, ಕೆಳಗಿನದಾದರೂ ಅಷ್ಟೇ. ವಯಸ್ಸಾದವರಿಗೆ ಹಲ್ಲು ಉದುರುವುದೂ ಕಣ್ಣಿಗೆ ಪೊರೆ ಬರುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಆಗುತ್ತದೆ. ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅನಿಸುವುದು ಸಹಜ. ಅವ್ವನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎದುರಿಗೇ ಕೇಳಲಿ.

ಎಲ್ಲರೂ ಬುದ್ಧಿಹಲ್ಲು ತೆಗೆಸಲೇಬೇಕು ಎಂದೇನಿಲ್ಲ. ನೆಟ್ಟಗೆ ಬಂದು, ಬ್ರಷ್ ಮುಟ್ಟುವಂತಿದ್ದು, ತೊಂದರೆ ಕೊಡದಿದ್ದರೆ ಅದರ ಪಾಡಿಗೆ ಬಿಡಬೇಕು. ಬ್ರಿಟನ್ನಿನಲ್ಲಂತೂ ರೋಗ ಇಲ್ಲದ ಬುದ್ಧಿಹಲ್ಲನ್ನು ಸುಮ್ನೆ ಮುಂಜಾಗ್ರತೆಗೆಂದು ಕೀಳಬೇಡಿ ಎಂಬ ಮಾರ್ಗಸೂಚಿ 2000ರಲ್ಲೇ ಬಂತು. ನಿಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಮತ್ತೆ ಸೋಂಕಾಗುತ್ತಿದೆ.

ವಸಡು ಬಾತಿರುವಾಗಲೇ ಸಾಮಾನ್ಯವಾಗಿ ಹಲ್ಲಿಗೆ ಕೈ ಹಾಕುವುದಿಲ್ಲ. ಮೊದಲು ಆ ಸಂದನ್ನು ತೊಳೆದು ಸೋಂಕು ಇಳಿಸುತ್ತಾರೆ. ಎಲ್ಲ ಹಲ್ಲು, ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇಯಲ್ಲಿ, ಅಂದರೆ ಓಪಿಜಿಯಲ್ಲಿ, ಹಲ್ಲಿನ ಬೇರಿಗೂ ದವಡೆ ಮೂಳೆಯೊಳಗಿನ ನರಕ್ಕೂ ಎಷ್ಟು ಅಂತರ ಇದೆ ಎಂದು ನೋಡುತ್ತಾರೆ. ತೀರಾ ಹತ್ತಿರ ಇದ್ದರೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಹೇಳಬಹುದು. ಆ ದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡು ಸ್ವಲ್ಪ ಬಿಡಿಸಿ, ಬೇಕಾದಷ್ಟು ಮೂಳೆ ಕೊರೆದು, ಹಲ್ಲನ್ನು ಎರಡು ಮೂರು ತುಂಡು ಮಾಡಿ ತೆಗೆದು ಹೊಲಿಗೆ ಹಾಕುತ್ತಾರೆ. ಅದುಮಿದಂತೆ ಅನಿಸುತ್ತದೆ, ಯಂತ್ರದ ಸದ್ದು ಕೇಳುತ್ತದೆ, ಚುಚ್ಚುವ ನೋವು ಇರಬಾರದು. ಇದ್ದರೆ ಎಡಗೈ ಎತ್ತಿ. ಇನ್ನೊಂದಿಷ್ಟು ಔಷಧ ಕೊಡುತ್ತಾರೆ.

ಮದುವೆಗೆ ನಾಲ್ಕು ವಾರ ಇರುವಾಗಲೇ ಇದು ಮುಗಿಯಲಿ. ಬಾವು ಎರಡನೇ ಮೂರನೇ ದಿನಕ್ಕೆ ಜೋರಾಗಿ, ಆಮೇಲೆ ಇಳಿಯತೊಡಗಿ ವಾರದಲ್ಲಿ ಬಹುಪಾಲು ಹೋಗುತ್ತದೆ. ಬಾಯಿ ಬಿಗಿತ ಎರಡು ವಾರ ಇರಬಹುದು. ಕೆಲವರಿಗೆ ಕೆನ್ನೆ ಮೇಲೆ ನೀಲಿ-ಹಳದಿ ಕಲೆ ಕಾಣುತ್ತದೆ. ಅದೂ ತಾನಾಗಿ ಹೋಗುತ್ತದೆ. ಖರ್ಚಿನ ಚಿಂತೆ ಇದ್ದರೆ ನಮ್ಮೂರಿನ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಅಲ್ಲಿ ಇದಕ್ಕೆಂದೇ ಬಾಯಿ-ದವಡೆ ಶಸ್ತ್ರಚಿಕಿತ್ಸಾ ವಿಭಾಗ ಇರುತ್ತದೆ, ಖಾಸಗಿ ಕ್ಲಿನಿಕ್‌ಗಿಂತ ಕಡಿಮೆಯಲ್ಲಿ ಆಗುತ್ತದೆ.

ಪ್ರಶ್ನೆ: ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ವಯಸ್ಸು 31. ಕೆಳಗಿನ ಬುದ್ಧಿಹಲ್ಲು ಕೀಳಿಸಿದೆ. ಮೊದಲ ಎರಡು ದಿನ ಅಷ್ಟೇನೂ ನೋವಿರಲಿಲ್ಲ, ಕೆಲಸಕ್ಕೂ ಹೋದೆ. ಮೂರನೇ ದಿನ ರಾತ್ರಿಯಿಂದ ಸಹಿಸಲಾಗದ ನೋವು, ಕಿವಿಯವರೆಗೂ ಜಗ್ಗುತ್ತದೆ. ಬಾಯಿ ವಾಸನೆ ಬರುತ್ತಿದೆ. ಡಾಕ್ಟರು ಬೇರು ಒಳಗೇ ಬಿಟ್ಟಿದ್ದಾರಾ? ಸುಳ್ಳು ಹೇಳುವುದಿಲ್ಲ, ಎರಡನೇ ದಿನ ಗುಟ್ಕಾ ಹಾಕಿದ್ದೆ.
— ಓದುಗ, ಸೇಡಂ ತಾಲ್ಲೂಕು

ಉತ್ತರ: ನಿಜ ಹೇಳಿದ್ದೇ ಒಳ್ಳೆಯದಾಯಿತು. ನೀವು ಬರೆದದ್ದನ್ನು ನೋಡಿದರೆ ಬೇರು ಉಳಿದಂತಿಲ್ಲ. ನಾವು ಡ್ರೈ ಸಾಕೆಟ್ ಎನ್ನುವ ತೊಂದರೆಯ ಲಕ್ಷಣ ಇವು. ಈ ಪತ್ರ ಅಚ್ಚಾಗುವವರೆಗೆ ನೀವು ಕಾದಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ. ಕಾದಿದ್ದರೆ ಇವತ್ತೇ ಹೋಗಿ.

ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕೆಳಗಿನ ಮೂಳೆಗೆ, ಅದರೊಳಗಿನ ನರದ ತುದಿಗಳಿಗೆ ಆ ಹೆಪ್ಪೇ ಹೊದಿಕೆ. ಹೊಸ ಮಾಂಸ ಬೆಳೆಯುವುದೂ ಅದರ ಮೇಲೆಯೇ. ರಾತ್ರಿ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಬೆಳಗಾಗುವವರೆಗೆ ಯಾರೂ ಅಲ್ಲಾಡಿಸುವುದಿಲ್ಲ ಅಲ್ವಾ? ಇದನ್ನೂ ಹಾಗೆಯೇ ಬಿಡಬೇಕು. ಮೊದಲ ಮೂರು ದಿನ ಅದು ತೀರಾ ನಾಜೂಕು. ಜೋರಾಗಿ ಉಗುಳಿದರೆ, ಬಾಯಿ ಮುಕ್ಕಳಿಸಿದರೆ, ಸ್ಟ್ರಾ ಹಾಕಿ ಎಳನೀರು ಎಳೆದರೆ, ನಾಲಿಗೆಯಿಂದ ಕೆದಕಿದರೆ ಕಿತ್ತು ಬರಬಹುದು. ತಂಬಾಕು ಬೀಡಿಯದಾಗಲಿ, ಗುಟ್ಕಾದ್ದಾಗಲಿ, ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಗುಟ್ಕಾದಲ್ಲಿ ಅದರ ಜೊತೆಗೆ ಅಡಿಕೆ ಚೂರು, ಸುಣ್ಣ. ಹಾಕಿಕೊಂಡ ಮೇಲೆ ಉಗುಳಲೇಬೇಕು. ಹೆಪ್ಪು ಹೋದ ಮೇಲೆ ಬರಿಯ ಮೂಳೆ ಬಾಯಿಗೆ ತೆರೆದುಕೊಳ್ಳುತ್ತದೆ. ಗಾಳಿ ತಾಗಿದರೂ ನೋವು, ನೀರು ತಾಗಿದರೂ ನೋವು. ಟಾರ್ಚ್ ಬಿಟ್ಟು ನೋಡಿದರೆ ಕುಳಿ ಖಾಲಿ ಕಾಣುತ್ತದೆ, ತಳದಲ್ಲಿ ಬೂದು-ಬಿಳಿ ಮೂಳೆ ಕಾಣುತ್ತದೆ.

ತಂಬಾಕು ಮುಟ್ಟದವರಿಗೂ ಕೆಲವೊಮ್ಮೆ ಇದು ಆಗುತ್ತದೆ. ಮೇಲಿನ ಹಲ್ಲಿಗಿಂತ ಕೆಳಗಿನ ಬುದ್ಧಿಹಲ್ಲಿಗೇ ಜಾಸ್ತಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೂ ಸ್ವಲ್ಪ ಹೆಚ್ಚು.

ಡಾಕ್ಟರು ಮಾಡುವ ಕೆಲಸ ಸರಳವೇ. ಕುಳಿಯನ್ನು ಸಲೈನ್‌ನಿಂದ ಮೆಲ್ಲಗೆ ತೊಳೆದು, ಲವಂಗದ ಸತ್ವ ಇರುವ ಔಷಧದ ಪಟ್ಟಿ ಇಡುತ್ತಾರೆ. ಎಷ್ಟೋ ಜನರಿಗೆ ಕುರ್ಚಿಯಿಂದ ಏಳುವ ಮುಂಚೆಯೇ ನೋವು ಇಳಿಯತೊಡಗುತ್ತದೆ. ಪಟ್ಟಿ ಬದಲಾಯಿಸಲು ಒಂದೆರಡು ಸಲ ಬರಹೇಳಬಹುದು. ವಾರ, ಹತ್ತು ದಿನದಲ್ಲಿ ಸರಿಹೋಗುತ್ತದೆ. ಜ್ವರ, ಕೀವು ಇಲ್ಲದಿದ್ದರೆ ಇದಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ಮನೆಯಲ್ಲಿ ಲವಂಗದ ಎಣ್ಣೆಯನ್ನು ನೇರವಾಗಿ ಸುರಿಯಬೇಡಿ, ವಸಡು ಸುಡುತ್ತದೆ. ನೋವಿಗೆ ತಂಬಾಕು ಒತ್ತುವುದಂತೂ ಬೇಡವೇ ಬೇಡ.

ಶಿಫ್ಟ್ ವಿಚಾರ. ಎರಡು ಮೂರು ದಿನ ರಜೆ ಹಾಕಿ. ಭಾರ ಎತ್ತಿದರೆ, ಬಗ್ಗಿ ಕೆಲಸ ಮಾಡಿದರೆ ತಲೆಯ ಕಡೆ ರಕ್ತದ ಒತ್ತಡ ಏರಿ ಗಾಯ ಮತ್ತೆ ಒಸರಬಹುದು. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ಸರಿಯಾಗಿ ಉಣ್ಣಲಾಗದ ಮನುಷ್ಯ ದುಡಿದರೆ ತಲೆಸುತ್ತಿ ಬೀಳುವುದು ದೊಡ್ಡ ಮಾತಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಗಾಯ ಪೂರ್ತಿ ಮಾಯ್ದ ಮೇಲೆ, ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಹಗ್ಗದಂತೆ ಬಿಗಿದ ಪಟ್ಟಿಗಳು ಕೈಗೆ ಸಿಕ್ಕರೆ, ಅದು ಅಡಿಕೆ-ಗುಟ್ಕಾದಿಂದ ಬರುವ ಬೇರೆಯೇ ರೋಗ. ಮುಂದೆ ಅದು ಕ್ಯಾನ್ಸರ್‌ಗೆ ತಿರುಗಬಹುದು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬರುತ್ತದೆ, ಕಲಸಿಕೊಂಡರೆ ಅದೇ ಗುಟ್ಕಾ. ನಿಮಗೆ ಇನ್ನೂ 31. ಬಿಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ, ಹೇಗೂ ಬಾಯಿಗೆ ಹಾಕಲು ಆಗುತ್ತಿಲ್ಲ. 1800-11-2356ಕ್ಕೆ ಕರೆ ಮಾಡಿದರೆ ತಂಬಾಕು ಬಿಡಲು ಉಚಿತವಾಗಿ ಸಲಹೆ ಕೊಡುತ್ತಾರೆ.

ಪ್ರಶ್ನೆ: ನಾಳೆ ಮಗನ ಬುದ್ಧಿಹಲ್ಲು ತೆಗೆಸುತ್ತಿದ್ದೇವೆ. ರೊಟ್ಟಿ ಇಲ್ಲದಿದ್ದರೆ ಊಟ ಆದಂತೆಯೇ ಅಲ್ಲ ಅವನಿಗೆ. ಏನು ಮಾಡಿ ಹಾಕಲಿ? ಬಾವಿಗೆ ಶಾಖ ಕೊಡಬಹುದಾ?
— ಗೃಹಿಣಿ, ಬಸವಕಲ್ಯಾಣ

ಉತ್ತರ: ಮೊದಲ ದಿನ ತಣ್ಣಗಿರುವುದನ್ನೇ ಕೊಡಿ ಅಕ್ಕಾ. ಮಜ್ಜಿಗೆ, ಮೊಸರು, ಆರಿದ ಗಂಜಿ. ತುಟಿ ಮರಗಟ್ಟಿರುವಾಗ ಊಟ ಬೇಡ, ಗೊತ್ತಾಗದೆ ಕಚ್ಚಿಕೊಂಡುಬಿಡುತ್ತಾರೆ. ಎರಡನೇ ದಿನದಿಂದ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಕೊಡಿ. ಹೆಸರುಬ್ಯಾಳಿ ಕಿಚಡಿ, ಅನ್ನಕ್ಕೆ ತೊಗರಿ ಬ್ಯಾಳಿ ಕಟ್ಟು, ಸಜ್ಜಕ, ಬಾಳೆಹಣ್ಣು, ತಿನ್ನುವವರಾದರೆ ಮೆತ್ತಗಿನ ಮೊಟ್ಟೆ. ಮೂರು ನಾಲ್ಕು ದಿನ ಕಳೆದ ಮೇಲೆ ಮೆತ್ತನೆಯ ಬಿಸಿ ರೊಟ್ಟಿಯನ್ನು ಹಾಲಿನಲ್ಲೋ ಬ್ಯಾಳಿಯಲ್ಲೋ ನೆನೆಸಿ ಕಿವುಚಿ ಕೊಡಬಹುದು, ಅವನಿಗೂ ಸಮಾಧಾನ. ಕಡಕ್ ರೊಟ್ಟಿ ಎರಡು ವಾರ ದೂರ ಇರಲಿ.

ಹಿಂಡಿಗಳ ಬಗ್ಗೆ ಹುಷಾರು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಇವು ತಟ್ಟೆಯಲ್ಲಿ ಪುಡಿಯಂತೆ ಕಂಡರೂ ಕುಳಿಯೊಳಗೆ ಹೋಗಿ ಕೂತರೆ ಬರುವುದಿಲ್ಲ. ಅಗಸಿಯಂತೂ ನೆನೆದು ಲೋಳೆಯಾಗಿ ಅಂಟುತ್ತದೆ. ವಾರದ ನಂತರ ಹೊಲಿಗೆ ಬಿಚ್ಚುವಾಗ ಸೂಜಿಯಿಲ್ಲದ ಸಿರಿಂಜಿನಿಂದ ನೀರು ಬಿಟ್ಟು ತೊಳೆದರೆ ಅಗಸಿ ಕಾಳಿನ ಸಿಪ್ಪೆ ತೇಲಿ ಬರುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಚುರುಮುರಿ, ಮಿರ್ಚಿ ಭಜಿ ಕೂಡ ಸದ್ಯಕ್ಕೆ ಬೇಡ.

ಶಾಖ ಬೇಡ. ಮೊದಲ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ ಹದಿನೈದು ನಿಮಿಷ ಹಿಡಿಯಿರಿ, ಅಷ್ಟೇ ಹೊತ್ತು ಬಿಡಿ, ಮತ್ತೆ ಹಿಡಿಯಿರಿ. ಡಾಕ್ಟರು ಇಟ್ಟ ಹತ್ತಿಬಟ್ಟೆಯನ್ನು ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಯೇ ಇರಲಿ, ನಡುನಡುವೆ ತೆಗೆದು ನೋಡಬಾರದು. ಎಂಜಲು ನುಂಗಲಿ. ಎಂಜಲು ಒಂದು ದಿನ ಗುಲಾಬಿ ಬಣ್ಣಕ್ಕಿದ್ದರೆ ಗಾಬರಿ ಬೇಡ. ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಿಗೆ ತುಂಬಿಕೊಂಡು ತಲೆ ವಾಲಿಸಿ, ಹಾಗೆಯೇ ಸುರಿದುಬಿಡಲಿ. ಗಳಗಳ ಮುಕ್ಕಳಿಸುವುದು ಬೇಡ. ನೋವಿನ ಮೊದಲ ಮಾತ್ರೆಯನ್ನು ಮರಗಟ್ಟಿದ್ದು ಬಿಡುವ ಮೊದಲೇ, ಏನಾದರೂ ಕುಡಿದ ಮೇಲೆ ಕೊಡಿ. ಮನೆಯಲ್ಲಿರುವ ಬೇರೆ ಹೆಸರಿನ ಮಾತ್ರೆಯನ್ನು ಅದರ ಜೊತೆ ಸೇರಿಸಬೇಡಿ, ಎರಡರಲ್ಲೂ ಪ್ಯಾರಸಿಟಮಾಲ್ ಇರಬಹುದು.

ಪ್ರಶ್ನೆ: ನನಗೆ 54. ಶುಗರ್ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತೇನೆ. ಹುಳುಕಾದ ಬುದ್ಧಿಹಲ್ಲು ತೆಗೆಸಲು ಐದು ದಿನ ಮುಂಚೆ ಆ ಮಾತ್ರೆ ನಿಲ್ಲಿಸಬೇಕು ಎಂದು ಗೆಳೆಯರು ಹೇಳಿದರು. ಹೌದೇ?
— ನಿವೃತ್ತ ನೌಕರ, ಸುರಪುರ

ಉತ್ತರ: ನಿಲ್ಲಿಸಬೇಡಿ. ಹಲ್ಲಿನ ಕುಳಿಯಿಂದ ಬರುವ ರಕ್ತವನ್ನು ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಆ್ಯಸ್ಪಿರಿನ್, ಕ್ಲೋಪಿಡೋಗ್ರೆಲ್ ಇದ್ದಾಗಲೂ ಸಾಮಾನ್ಯವಾಗಿ ಹಲ್ಲು ತೆಗೆಯುತ್ತೇವೆ. ವಾರ್ಫರಿನ್ ಆದರೆ ಮೊದಲು ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ರಕ್ತಪರೀಕ್ಷೆ ಮಾಡಿಸಬೇಕು. ಏನೇ ಬದಲಾವಣೆ ಇದ್ದರೂ ನಿಮ್ಮ ಹೃದಯದ ಡಾಕ್ಟರೇ ಹೇಳಬೇಕು. ಅವರ ಚೀಟಿ, ಎಲ್ಲ ಮಾತ್ರೆಗಳ ಪಟ್ಟಿ, ಈಚಿನ ಶುಗರ್ ವರದಿ ತೆಗೆದುಕೊಂಡು ಹೋಗಿ. ಬೆಳಗಿನ ಹೊತ್ತೇ ಸಮಯ ಕೇಳಿ. ಮರಗಟ್ಟುವ ಇಂಜೆಕ್ಷನ್ನಿಗೆ ಉಪವಾಸ ಬೇಕಿಲ್ಲ. ನಾಷ್ಟಾ ಮಾಡಿ, ಶುಗರ್ ಮಾತ್ರೆ ನುಂಗಿಯೇ ಬನ್ನಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ, ಗಾಯ ಬೇಗ ಮಾಯುತ್ತದೆ.

ಪ್ರಶ್ನೆ: ನಮ್ಮೂರು ಚಿಂಚೋಳಿಯಿಂದಲೂ ಒಳಗೆ. ತಮ್ಮನ ಹಲ್ಲು ಕಲಬುರಗಿಯಲ್ಲಿ ತೆಗೆಸಿ ಕರೆದುಕೊಂಡು ಬಂದಿದ್ದೇವೆ. ಕೆಳತುಟಿ ಇನ್ನೂ ಮರಗಟ್ಟಿದೆ, ಕೆನ್ನೆ ಬಾತಿದೆ. ಎಂಥ ತೊಂದರೆಗೆ ರಾತ್ರೋರಾತ್ರಿ ಓಡಬೇಕು, ಎಂಥದ್ದಕ್ಕೆ ಕಾಯಬಹುದು?
— ಓದುಗ, ಚಿಂಚೋಳಿ ತಾಲ್ಲೂಕು

ಉತ್ತರ: ತುಟಿ ಮರಗಟ್ಟಿದ್ದಕ್ಕೆ ರಾತ್ರಿ ಓಡಬೇಕಿಲ್ಲ. ಆದರೆ ಮರುದಿನವೂ ಹಾಗೆಯೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಬೇರಿನ ಪಕ್ಕದ ನರಕ್ಕೆ ಪೆಟ್ಟಾಗಿದ್ದರೆ ಹೀಗಾಗುತ್ತದೆ. ಬಹಳ ಜನರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಸ್ಪರ್ಶ ಮರಳುತ್ತದೆ, ಅಪರೂಪಕ್ಕೆ ಸ್ವಲ್ಪ ಉಳಿದೂಬಿಡಬಹುದು. ವಾರಕ್ಕೊಮ್ಮೆ ಹತ್ತಿಯ ಎಳೆಯಿಂದ ತುಟಿ ಸವರಿ, ಎಲ್ಲಿಯವರೆಗೆ ಗೊತ್ತಾಗುತ್ತಿಲ್ಲ ಎಂದು ಬರೆದಿಡಿ. ಜಾಗ ಕಿರಿದಾಗುತ್ತಿದ್ದರೆ ನರ ಚೇತರಿಸಿಕೊಳ್ಳುತ್ತಿದೆ ಎಂದು ಅರ್ಥ. ಅಲ್ಲಿಯವರೆಗೆ ಬಿಸಿ ಚಹಾ ಕುಡಿಯುವಾಗ ಹುಷಾರು.

ರಕ್ತ ಬಂದರೆ ಮೊದಲು ಕೂರಿಸಿ. ಸ್ವಚ್ಛ ಬಟ್ಟೆ ಮಡಚಿ ಕುಳಿಯ ಮೇಲಿಟ್ಟು ಅರ್ಧ ಗಂಟೆ ಬಿಗಿಯಾಗಿ ಕಚ್ಚಿಸಿ. ಹೀಗೆ ಎರಡು ಸಲ ಮಾಡಿದರೂ ಕೆಂಪು ರಕ್ತ ತುಂಬುತ್ತಲೇ ಇದ್ದರೆ ಹೊರಡಿ.

ಬಾವು ಮೂರು ದಿನದ ಮೇಲೂ ಏರುತ್ತಿದ್ದರೆ, ಜ್ವರ ಬಂದರೆ, ಬೆಳಗ್ಗೆ ಮೊದಲ ಬಸ್ಸಿಗೆ ಹೊರಟರೂ ನಡೆಯುತ್ತದೆ. ಆದರೆ ಬಾವು ದವಡೆಯ ಕೆಳಗೆ, ಗಂಟಲಿನ ಕಡೆಗೆ ಗಟ್ಟಿಯಾಗಿ ಇಳಿದರೆ, ನಾಲಿಗೆ ಮೇಲೆದ್ದಂತೆ ಆದರೆ, ಎಂಜಲು ನುಂಗಲಾಗದೆ ಸುರಿಯುತ್ತಿದ್ದರೆ, ಮಾತು ತೊದಲಿದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ ಒಂದು ಗಂಟೆಯೂ ಕಾಯಬೇಡಿ. 108ಕ್ಕೆ ಕರೆ ಮಾಡಿ. ಮಲಗಿಸಬೇಡಿ, ಕೂತೇ ಬರಲಿ. ಹಲ್ಲಿನ ಕ್ಲಿನಿಕ್ ಹುಡುಕುತ್ತ ತಿರುಗದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತನ್ನಿ, ಬಾಗಿಲಲ್ಲೇ 'ಬುದ್ಧಿಹಲ್ಲು ಕಿತ್ತಿದ್ದಾರೆ, ಉಸಿರಾಡಲು ಕಷ್ಟ' ಎಂದು ಹೇಳಿ. ಹಲ್ಲು ತೆಗೆದ ಡಾಕ್ಟರ ಚೀಟಿ ಜೇಬಿನಲ್ಲಿರಲಿ.