ಪ್ರತಿ: 20 ಜನರ ಸ್ಟ್ರಕ್ಚರಲ್ ಆಫೀಸು, ಎಲ್ಲ ಡ್ರಾಯಿಂಗೂ ತಡ

ಕಟ್ಟಡಗಳ ಬಲದ ಲೆಕ್ಕ ಹಾಕಿ ನಕ್ಷೆ ಮಾಡುವ ನಿಮ್ಮ ಆಫೀಸಿನಲ್ಲಿ ಜನ ಹೆಚ್ಚಿಸಿದರೂ ಡ್ರಾಯಿಂಗ್ ತಡವಾಗುತ್ತಿದೆ ಅಂದಿರಲ್ಲ, ಕಾರಣ ಬಹುಶಃ ಪ್ರತಿ ಬೀಮಿನ ಕಂಬಿ ಲೆಕ್ಕವೂ ನಿಮ್ಮೊಬ್ಬರ ಸಹಿಗೆ ಕಾಯುತ್ತಿರುವುದು. ನಮ್ಮಲ್ಲೂ ಅದೇ ಆಗಿತ್ತು. ಮೊದಲು ಚೆಕಿಂಗ್ ಕೆಲಸವನ್ನು ಇಬ್ಬರು ಸೀನಿಯರ್‌ಗಳಿಗೆ ಬರವಣಿಗೆಯಲ್ಲೇ ಒಪ್ಪಿಸಿ; ಪಾಯ ಮತ್ತು ನೀವು ಹಿಂದೆ ಮಾಡದ ಬಗೆಯ ಕಟ್ಟಡ ಮಾತ್ರ ನಿಮ್ಮ ಮೇಜಿಗೆ ಬರಲಿ. ಒಂದೆರಡು ಪ್ರಾಜೆಕ್ಟ್ ಹೀಗೆ ನಡೆದ ಮೇಲೆ ಅವರಿಗೆ ಕಂಪನಿಯ ಒಡೆತನದಲ್ಲಿ ಪಾಲು ಕೊಡಿ, ಸುಮ್ನೆ ದೊಡ್ಡ ಹುದ್ದೆ ಕೊಟ್ಟರೆ ಒಳ್ಳೆಯವರು ನಿಲ್ಲುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಓವ್ ಅರುಪ್ 1946ರಲ್ಲಿ ಲಂಡನ್ನಿನಲ್ಲಿ ಸ್ವಂತ ಕಚೇರಿ ತೆರೆದು 1949ಕ್ಕೇ ಪಾಲುದಾರರನ್ನು ಸೇರಿಸಿಕೊಂಡರು, ಸಿಡ್ನಿ ಒಪೆರಾ ಹೌಸ್‌ನಂಥ ಕೆಲಸ ಸಿಕ್ಕಿದ್ದು ಅದಾದ ಮೇಲೆ. ಈಗ ಆ ಕಂಪನಿ ನೌಕರರ ಪರವಾಗಿ ಟ್ರಸ್ಟ್‌ಗಳ ಒಡೆತನದಲ್ಲಿದೆ. ನಿಮ್ಮಲ್ಲಿ ಪಾಲು ಎಷ್ಟಿರಬೇಕು ಅಂತ ಲೆಕ್ಕಪತ್ರ ನೋಡದೆ ಹೇಳಲಾಗದು, ಆಡಿಟರ್ ಜೊತೆ ಕೂತು ಒಪ್ಪಂದ ಬರೆಸಿ.