ನೀರಿನ ಕಿಟ್ ಹಾಕಿಸಿದ್ರೆ ಮೈಲೇಜ್ ಬರುತ್ತಾ?

ಮೂಡಿಗೆರೆ–ಚಿಕ್ಕಮಗಳೂರು ಓಡುವ ಡೀಸೆಲ್ ಜೀಪಿಗೆ ನೀರಿನಿಂದ ಹೈಡ್ರೋಜನ್ ಮಾಡುವ ಕಿಟ್ ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ ಸರ್, ಸುಮ್ನೆ ದುಡ್ಡು ದಂಡ. ನೀರನ್ನು ಒಡೆಯೋಕೆ ಕರೆಂಟ್ ಬೇಕು. ಕರೆಂಟ್ ಕೊಡುವುದು ಆಲ್ಟರ್ನೇಟರ್, ಅದನ್ನು ತಿರುಗಿಸುವುದು ನಿಮ್ಮದೇ ಎಂಜಿನ್, ಅಂದರೆ ನಿಮ್ಮದೇ ಡೀಸೆಲ್. ಖರ್ಚಾದಷ್ಟು ಶಕ್ತಿ ಆ ಗ್ಯಾಸಿನಿಂದ ವಾಪಸ್ ಬರುವುದಿಲ್ಲ.

ಹಾಗಂತ ಎಂಜಿನ್‌ಗೆ ನೀರು ಕೊಡುವುದೇ ಸುಳ್ಳಲ್ಲ. ಎರಡನೇ ಮಹಾಯುದ್ಧದ ಕೆಲವು ವಿಮಾನಗಳಲ್ಲಿ ಇತ್ತು, 2016ರ ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಕಾರಿನಲ್ಲೂ ಇತ್ತು. ಅಲ್ಲಿ ನೀರು ಉರಿಯುವುದಿಲ್ಲ. ಆವಿಯಾಗುತ್ತಾ ಒಳಹೋಗುವ ಗಾಳಿಯನ್ನು ತಣ್ಣಗೆ ಮಾಡುತ್ತೆ, ನಾಕಿಂಗ್ (ಇಂಧನ ತಾನಾಗೇ ಸಿಡಿದು ಎಂಜಿನ್ ಟಕಟಕ ಬಡಿಯುವುದು) ತಪ್ಪುತ್ತೆ. ಅದು ಟರ್ಬೊ ಪೆಟ್ರೋಲ್ ಎಂಜಿನ್‌ನಿಂದ ಜಾಸ್ತಿ ಪವರ್ ತೆಗೆಯುವ ಲೆಕ್ಕ, ನಿಮಗೆ ಬೇಕಾದ್ದು ಮೈಲೇಜ್ ಅಲ್ವಾ? ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ತೋಟದ ಮಣ್ಣುರಸ್ತೆಯ ಕೆಂಪು ಧೂಳು ಗಟ್ಟಿಯಾಗಿ ಕೂತಿದ್ದರೆ ಬದಲಾಯಿಸಿ, ಟೈರಿನ ಗಾಳಿಯನ್ನೂ ಚೆಕ್ ಮಾಡಿಸಿ.